ದಾದಿಯ ದತ್ತಿ

ರೋಗಿಯ ಬಳಿಯಲ್ಲಿ ನಿಲ್ಲುವ ಹೆಣ್ಣಿಗೆ ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಯಲ್ಲಿವೆ. ದಾದಿ ಎಂಬುದು ಸಂಸ್ಕೃತದ ಧಾತ್ರೀ ಶಬ್ದದ ತದ್ಭವ. ಹಾಲೂಡಿಸಿ ಸಲಹುವವಳು, ಹೊರುವವಳು ಎಂಬುದು ಆ ಶಬ್ದದ ಅರ್ಥ; ಭೂಮಿಗೂ ಅದೇ ಹೆಸರಿರುವುದು ವಿದಿತವೇ ಇದೆ. ಶುಶ್ರೂಷಕಿ ಎಂಬ ಇನ್ನೊಂದು ಹೆಸರು 'ಶ್ರು' ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದುದು. ಶುಶ್ರೂಷೆಯೆಂದರೆ ಮೂಲದಲ್ಲಿ ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಲು ಕಾದಿರುವುದು, ಅದರಿಂದ ಸೇವೆ, ಅದರಿಂದ ರೋಗಿಯ ಉಪಚಾರ, ಹೀಗೆ ಅರ್ಥವು ಕ್ರಮವಾಗಿ ವಿಸ್ತರಿಸಿತು. ಈಚೆಗೆ ಸರ್ಕಾರಿ ಕಾಗದಪತ್ರಗಳಲ್ಲಿ ಶುಶ್ರೂಷಾಧಿಕಾರಿ ಎಂಬ ಪದನಾಮವೂ ಕಾಣಿಸಿಕೊಂಡಿದೆ. ಕೇಳುವ ಬಯಕೆಗೆ ಅಧಿಕಾರವು ಸೇರಿದ ಈ ಸಮಾಸ ವೈಯಾಕರಣರಿಗೆ ತುಸು ನಗೆ ತರಿಸೀತು. ಹುದ್ದೆಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿತೆಂಬ ಸಮಾಧಾನವೂ ಅದರಲ್ಲಿದೆ. ಕರಾವಳಿಯ ಜನ ಮಾತ್ರ ಇದಾವುದನ್ನೂ ಎಣಿಸದೆ 'ಸಿಸ್ಟರ್' ಎಂದೇ ಕರೆಯುತ್ತಾರೆ.

ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ನೋಡಿಕೊಳ್ಳುವ ವ್ಯಕ್ತಿ. ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಆ ವ್ಯಕ್ತಿಗಿರಬೇಕು. ನಾಲ್ಕರಲ್ಲಿ ಮೊದಲನೆಯದು ತಿಳಿವಳಿಕೆ ಎಂಬುದನ್ನು ಗಮನಿಸಬೇಕು. ಅನುರಾಗವು ಸ್ವಭಾವದಿಂದ ಬಂದೀತು. ತಿಳಿವಳಿಕೆಯನ್ನಾದರೋ ಯಾರಾದರೂ ಕಲಿಸಬೇಕು; ಕಲಿತು ಮುಗಿಯುವವರೆಗೆ ಯಾರಾದರೂ ಅನ್ನವಿಕ್ಕಬೇಕು. ಆ ಅನ್ನವನ್ನು ಇಕ್ಕುವವರು ಯಾರು ಎಂಬುದೇ ಪ್ರಕೃತ ಲೇಖನದ ವಿಷಯ.

ಪಾಶ್ಚಾತ್ಯ ದೇಶಗಳ ವಿದ್ಯಾಲಯಗಳಲ್ಲಿ ಒಂದು ವಾಡಿಕೆ ಬೆಳೆದುಬಂದಿದೆ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದುಡಿದ ದಾದಿಯೊಬ್ಬಳು ತನ್ನ ಉಳಿತಾಯವನ್ನು ಉಯಿಲಿನ ಮೂಲಕ ಶುಶ್ರೂಷಾ ವಿದ್ಯಾರ್ಥಿನಿಯರ ವೇತನಕ್ಕಾಗಿ ಬಿಟ್ಟು ಹೋಗುತ್ತಾಳೆ. ಬದುಕಿರುವಾಗ ಆಕೆಯ ಬಳಿ ಅಷ್ಟು ಹಣವಿತ್ತೆಂದು ನೆರೆಹೊರೆಯವರಿಗೂ ತಿಳಿದಿರುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಿಂದಲೂ ದಾದಿಯರಾಗಿ ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ, ಅಲ್ಲಿಂದ ಕೊಲ್ಲಿಯ ದೇಶಗಳಿಗೆ ಹೋದ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕೆಲವರು ಈಗ ನಿವೃತ್ತಿಯ ವಯಸ್ಸಿನಲ್ಲಿದ್ದಾರೆ. ಅಂಥವರೊಬ್ಬರು ಇಂತಹ ದತ್ತಿಯನ್ನಿಡಲು ಮನಸ್ಸು ಮಾಡಿದರೆ ಅದು ಹೇಗೆ ನಡೆಯಬೇಕು, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಶಾಲೆಗಳನ್ನು ನಡೆಸುವವರೂ ದಾನಿಗಳೂ ತಿಳಿದಿರುವುದು ಒಳಿತು.

ಮೊದಲಿಗೆ ಹಳೆಯ ನಿದರ್ಶನವೊಂದನ್ನು ನೋಡಬಹುದು. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಉಪಚಾರ ಮಾಡಿದ ಫ್ಲಾರೆನ್ಸ್ ನೈಟಿಂಗೇಲಳಿಗೆ ಕೃತಜ್ಞತೆ ಸೂಚಿಸಲು 1855ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ ನಿಧಿಯೊಂದನ್ನು ಆರಂಭಿಸಿದರು. ಸೈನಿಕರು ತಮ್ಮ ಒಂದು ದಿನದ ಸಂಬಳವನ್ನು ಕೊಟ್ಟರು. ಒಟ್ಟು 44,000 ಪೌಂಡುಗಳಿಗೂ ಮಿಕ್ಕಿ ಹಣ ಕೂಡಿತು. ಆಕೆ ಅದನ್ನು ತನ್ನ ಸುಖಕ್ಕೆ ಬಳಸಿಕೊಳ್ಳಲಿಲ್ಲ. ಆ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಮೊದಲ ತಂಡದಲ್ಲಿ ಇದ್ದವರು 15 ಮಂದಿ.

ಶಾಲೆ ತೆರೆದ ಸಂಗತಿಯನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆ ನಿಧಿಯ ಹಣ ಯಾವುದಕ್ಕೆ ವೆಚ್ಚವಾಯಿತೆಂಬುದನ್ನು ಹೇಳುವವರು ವಿರಳ. ಕಲಿಯಲು ಬಂದವರಿಂದ ಶುಲ್ಕ ಪಡೆಯಲಿಲ್ಲ, ಅದಿರಲಿ. ಅವರಿಗೆ ವಸತಿ ಕೊಟ್ಟರು, ಊಟ ಕೊಟ್ಟರು, ಚಹಾ ಸಕ್ಕರೆಗಳನ್ನೂ ಲೆಕ್ಕ ಹಿಡಿದು ಕೊಟ್ಟರು, ಬಟ್ಟೆ ಒಗೆಯುವ ಖರ್ಚನ್ನು ವಹಿಸಿದರು, ಸಮವಸ್ತ್ರ ಕೊಟ್ಟರು. ಇಷ್ಟರ ಮೇಲೆ ವರ್ಷಕ್ಕೆ 10 ಪೌಂಡುಗಳ ಕೈಖರ್ಚನ್ನೂ ಕೊಟ್ಟರು. ಕಲಿಯಲು ಬಂದ ಬಡ ಹೆಣ್ಣು ಶುಲ್ಕವಿಲ್ಲದ ಮಾತ್ರಕ್ಕೆ ಕಲಿಯಲಾರಳು, ಕಲಿಯುವ ಕಾಲದಲ್ಲಿ ಆಕೆಯ ದುಡಿಮೆ ಮನೆಗೆ ತಪ್ಪುತ್ತದೆ, ಆ ತಪ್ಪಿದುದನ್ನು ಯಾರಾದರೂ ತುಂಬಿಕೊಡಬೇಕು ಎಂಬ ಅರಿವು ಈ ಏರ್ಪಾಡಿನಲ್ಲಿದೆ. ಶ್ರೀಮಂತರ ಮನೆಯಲ್ಲಿ ಹುಟ್ಟಿದವಳಾದರೂ ಆಸ್ಪತ್ರೆಯ ರಾತ್ರಿಗಳನ್ನು ಕಂಡವಳಾದುದರಿಂದ ಆಕೆಗೆ ಇದು ತಿಳಿದಿತ್ತು. ಪ್ರತಿಯಾಗಿ, ಕಲಿತು ಮುಗಿದ ಮೇಲೆ ಕೆಲವು ವರ್ಷ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕರಾರೂ ಇತ್ತು. ಭಾರತದ ಆರೋಗ್ಯ, ನೈರ್ಮಲ್ಯಗಳ ಬಗೆಗೆ ಆಕೆ ದಶಕಗಳ ಕಾಲ ಬರೆದಳು. ಈ ದೇಶವನ್ನು ಒಮ್ಮೆಯೂ ಕಂಡವಳಲ್ಲ.

ನೈಟಿಂಗೇಲಳದು ಜನರು ಕೊಟ್ಟ ನಿಧಿ. ದಾದಿಯೇ ಬರೆದ ಉಯಿಲಿಗೆ ಅಮೆರಿಕದ ಜೇನ್ ಡೆಲಾನೊ ಎಂಬಾಕೆಯ ನಿದರ್ಶನವುಂಟು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ದಾದಿಯರ ಪಡೆಯನ್ನು ಕಟ್ಟಿದ ಈಕೆ 1919ರ ಏಪ್ರಿಲಿನಲ್ಲಿ ಫ್ರಾನ್ಸಿನ ಸೇನಾ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ತಂದೆತಾಯಿಗಳ ನೆನಪಿಗಾಗಿ ಆಕೆ ಬಿಟ್ಟುಹೋದ ಹಣದಿಂದ ವೈದ್ಯರು ಸುಲಭವಾಗಿ ತಲುಪದ ದೂರದ ಹಳ್ಳಿಗಳಿಗೂ ದ್ವೀಪಗಳಿಗೂ ದಾದಿಯರನ್ನು ಕಳುಹಿಸಲಾಯಿತು. ಅವರನ್ನು ಡೆಲಾನೊ ದಾದಿಯರೆಂದೇ ಕರೆದರು. ದೊಡ್ಡ ಆಸ್ಪತ್ರೆಯ ಗೋಡೆಯ ಮೇಲೆ ಹೆಸರು ಕೆತ್ತಿಸುವುದು ಸುಲಭವಾಗಿದ್ದಿತು. ಎಲ್ಲಿ ದಾದಿ ಇಲ್ಲವೋ ಅಲ್ಲಿಗೆ ಹಣ ಹೋಗಬೇಕೆಂದು ಬರೆದವಳು ದಾದಿಯಾಗಿದ್ದುದು ಆಕಸ್ಮಿಕವಲ್ಲ.

ಇಂತಹ ದತ್ತಿಯು ಪರದೇಶದ ಸರಕೆಂದು ತಿಳಿಯಬೇಕಾದುದಿಲ್ಲ. ಬಾರ್ಕೂರು, ಬಸರೂರುಗಳ ಶಾಸನಗಳನ್ನು ಓದಿದವರಿಗೆ ಅದರ ತತ್ತ್ವವು ಪರಿಚಿತವೇ. ಇಂತಿಷ್ಟು ಭೂಮಿ, ಅದರಿಂದ ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ, ಆ ಅಕ್ಕಿಯಿಂದ ದೇವಾಲಯದಲ್ಲೋ ಮಠದಲ್ಲೋ ಛತ್ರದಲ್ಲೋ ಇಂತಿಷ್ಟು ಜನರ ಊಟ, ತಪ್ಪಿಸಿದವನಿಗೆ ಶಾಪ. ಮೂಲವನ್ನು ಮುಟ್ಟದೆ ಫಲವನ್ನು ಮಾತ್ರ ಉಣ್ಣುವ ಕ್ರಮ ಅದು. ಶೈವರಾಗಿದ್ದ ಕೆಳದಿಯ ಅರಸರು ಘಟ್ಟದ ಮೇಲೂ ಕೆಳಗೂ ಮಠಮಾನ್ಯಗಳಿಗೆ ಬಿಟ್ಟ ಉಂಬಳಿಗಳೂ ಇದೇ ಬಗೆಯವು. ಕಲ್ಲಿನಲ್ಲಿ ಕೆತ್ತಿದ ಶಾಪವೂ ಕಾಲದ ಬದಲಾವಣೆಯನ್ನು ತಡೆಯಲಾರದೆಂಬುದು ಬೇರೆ ಮಾತು. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಸಂದಿತು. ಅದು ನ್ಯಾಯವೇ ಸರಿ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿದ್ದ ಎಷ್ಟೋ ದತ್ತಿಗಳು ಅಂದಿಗೆ ಬರಿದಾದುವು.

ಉಯಿಲಿನ ಮೂಲಕ ವಿದ್ಯೆಗೆ ದತ್ತಿಯಿಟ್ಟ ನಿದರ್ಶನವನ್ನು ಹುಡುಕಲು ಈ ಸಂಚಿಕೆಯ ವಾಚಕರು ದೂರ ಹೋಗಬೇಕಾದುದಿಲ್ಲ. ಸಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದವರು. 1906ರಲ್ಲಿ ದೇಹ ಬಿಡುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮರಣಶಾಸನ ಬರೆದಿಟ್ಟರು. ನವಲಗುಂದ–ಸಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಉತ್ತರ ಕರ್ನಾಟಕದ ಮನೆಮನೆಗಳಲ್ಲಿದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಕುಂದಾಪುರದಲ್ಲಿಯೇ 1963ರಲ್ಲಿ ಆರಂಭವಾದ ಭಂಡಾರ್ಕಾರ್ಸ್ ಕಾಲೇಜಿಗೆ ಆಧಾರವಾದುದು ಬಹರೈನಿನಲ್ಲಿ ವೈದ್ಯರಾಗಿದ್ದ ಡಾಕ್ಟರ್ ಎ. ಎಸ್. ಭಂಡಾರ್ಕಾರರ ದಾನ. ರೋಗಿಗಳ ನಡುವೆ ಗಳಿಸಿದ ಹಣ ಊರಿಗೆ ಮರಳಿ ಬಂದು ವಿದ್ಯೆಯಾದುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ದೇಸಾಯಿಯವರದು ಸಂಸ್ಥಾನ, ದಾದಿಯದು ತಿಂಗಳ ಸಂಬಳ. ಆದರೂ ಶರಣರ ಎಣಿಕೆಯಲ್ಲಿ ಎರಡನೆಯದಕ್ಕೆ ತೂಕ ಹೆಚ್ಚು. ದಾಸೋಹವು ಕಾಯಕದ ಗಳಿಕೆಯಿಂದಲೇ ನಡೆಯಬೇಕೆಂಬುದು ಅವರ ನಿಯಮ. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಆಯ್ದಕ್ಕಿ ಲಕ್ಕಮ್ಮ ಹೇಳಿದ ಕಥೆಯನ್ನು ಮಠದ ಶಾಲೆಯಲ್ಲಿ ಓದಿದ ಯಾವ ಮಗುವಿಗೂ ಮತ್ತೆ ಹೇಳಬೇಕಿಲ್ಲ.

ಇನ್ನು ಕಲಿಯುವವರ ಸ್ಥಿತಿಯನ್ನು ನೋಡಬೇಕು. ಕರಾವಳಿಯಲ್ಲಿ ಈ ವೃತ್ತಿ ನೆಲೆಯೂರಿದುದು ಬಹುಮಟ್ಟಿಗೆ ಕ್ರೈಸ್ತ ಸಂಸ್ಥೆಗಳಿಂದ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ಆರಂಭಿಸಿದ ಚಿಕಿತ್ಸಾಲಯ, ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆ, ಇವು ಹಳೆಯವು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಈ ಭಾಗದ ವೈದ್ಯಕೀಯ ಶಿಕ್ಷಣದ ಚಿತ್ರವೇ ಬದಲಾಯಿತು. ಆದರೂ ಹಲವು ಮನೆಗಳಲ್ಲಿ ಮಗಳನ್ನು ಈ ಕೆಲಸಕ್ಕೆ ಕಳುಹಿಸಲು ಬಹುಕಾಲ ಹಿಂಜರಿದರು. ರಾತ್ರಿಯ ಪಾಳಿ, ಅಪರಿಚಿತರ ಮೈ ಮುಟ್ಟುವುದು, ಮಲಮೂತ್ರಗಳ ಕೆಲಸ, ಇವೆಲ್ಲವನ್ನೂ ಮೈಲಿಗೆಯೆಂದು ಎಣಿಸಿದರು. ತಾವು ಕಾಯಿಲೆ ಬಿದ್ದಾಗ ಮಾತ್ರ ಆ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ಇಂದು ಹಿಂಜರಿಕೆ ಬಹುಮಟ್ಟಿಗೆ ಕಳೆದಿದೆ. ಅದರ ಜಾಗದಲ್ಲಿ ಖರ್ಚು ಬಂದು ಕುಳಿತಿದೆ. ಮಂಗಳೂರಿನ ಶುಶ್ರೂಷಾ ಕಾಲೇಜುಗಳಲ್ಲಿ ಕೇರಳದಿಂದ ಬಂದು ಕಲಿಯುವವರು ದೊಡ್ಡ ಸಂಖ್ಯೆಯಲ್ಲಿರುವಾಗ, ಬೈಂದೂರು ಬದಿಯ ಹುಡುಗಿಗೆ ಅದೇ ಕಾಲೇಜು ದೂರವಾಗಿ ಕಾಣುವುದು ದಾರಿಯ ಉದ್ದದಿಂದಲ್ಲ.

ವ್ಯಾಸಂಗದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಸಹಾಯಕ ದಾದಿ ಮತ್ತು ಪ್ರಸೂತಿ ತರಬೇತಿ ಎರಡು ವರ್ಷದ್ದು. ಜನರಲ್ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ್ದು. ಬಿ.ಎಸ್ಸಿ. ನರ್ಸಿಂಗ್ ಪದವಿ ನಾಲ್ಕು ವರ್ಷದ್ದು, ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಮೊದಲೆರಡಕ್ಕೆ ಕಲಾವಿಭಾಗದಲ್ಲಿ ಓದಿದವರೂ ಸೇರಬಹುದು. ಈ ಭೇದವನ್ನು ಪ್ರೌಢಶಾಲೆಯ ಅಧ್ಯಾಪಕರು ಹತ್ತನೆಯ ತರಗತಿಯಲ್ಲಿಯೇ ಮಕ್ಕಳಿಗೆ ತಿಳಿಸಿದರೆ ಮುಂದಿನ ಎಷ್ಟೋ ಪರಿತಾಪ ತಪ್ಪೀತು. ದತ್ತಿ ಇಡುವವರೂ ಪದವಿಗೆ ಮಾತ್ರ ವೇತನವೆಂದು ಬರೆಯುವ ಮುನ್ನ ಒಂದು ಕ್ಷಣ ಯೋಚಿಸಬೇಕು. ಹಳ್ಳಿಯ ಬಡ ಮನೆಯ ಹುಡುಗಿ ಬಹಳ ಸಲ ಆಯ್ದುಕೊಳ್ಳುವುದು ಬೇಗ ಮುಗಿಯುವ ದಾರಿಯನ್ನೇ.

ಕಾಲೇಜಿನ ಶುಲ್ಕವು ಖರ್ಚಿನ ಒಂದು ಭಾಗ ಮಾತ್ರ. ವಸತಿನಿಲಯದ ಊಟ, ಎರಡು ಮೂರು ಜೊತೆ ಸಮವಸ್ತ್ರ, ಬಿಳಿಯ ಬೂಟು, ದಪ್ಪ ದಪ್ಪನೆಯ ಇಂಗ್ಲಿಷ್ ಪಠ್ಯಪುಸ್ತಕಗಳು, ಆಸ್ಪತ್ರೆಯಿಂದ ಆಸ್ಪತ್ರೆಗೆ ತರಬೇತಿಗೆ ಹೋಗಿಬರುವ ಬಸ್ಸಿನ ಖರ್ಚು, ಪರೀಕ್ಷಾ ಶುಲ್ಕ, ಎಲ್ಲ ಮುಗಿದ ಮೇಲೆ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವ ಶುಲ್ಕ. ನೋಂದಣಿಯಿಲ್ಲದೆ ಕೆಲಸವಿಲ್ಲ. ಸರ್ಕಾರದ ವಿದ್ಯಾರ್ಥಿವೇತನಗಳಿವೆ, ಅವು ವರ್ಷ ಕಳೆದ ಮೇಲೆ ಕೈಸೇರುವುದು ಅಪರೂಪವಲ್ಲ. ಗೇರುಬೀಜದ ಕಾರ್ಖಾನೆಗೆ ಹೋಗುವ, ಬೀಡಿ ಕಟ್ಟುವ ತಾಯಿಯ ಮನೆಯಲ್ಲಿ ಮಗಳು ಮೊದಲ ವರ್ಷವನ್ನು ಹೇಗೋ ದಾಟುತ್ತಾಳೆ. ನೆಂಟರ ಬಳಿ ಸಾಲ, ಕಿವಿಯ ಬೆಂಡೋಲೆ, ಸ್ತ್ರೀಶಕ್ತಿ ಸಂಘದ ಸಾಲ, ಇವು ಮೊದಲ ವರ್ಷಕ್ಕೆ ಒದಗುತ್ತವೆ. ಎರಡನೆಯ ವರ್ಷಕ್ಕೆ ಒತ್ತೆಯಿಡಲು ಏನೂ ಉಳಿದಿರುವುದಿಲ್ಲ. ಬಹುಪಾಲು ದಾನಿಗಳ ವಿದ್ಯಾರ್ಥಿವೇತನಗಳಾದರೋ ಮೊದಲ ವರ್ಷಕ್ಕೆ, ಅದೂ ಪಿ.ಯು.ಸಿ.ಯ ಅಂಕಗಳನ್ನು ನೋಡಿ, ಒಂದೇ ಸಲ ಕೊಡುವಂಥವು. ದಾದಿಯಾಗಿದ್ದವಳು ದತ್ತಿಯಿಟ್ಟರೆ ಹೀಗೆ ಇಡಲಾರಳು. ಸಹಪಾಠಿ ಹಾಸಿಗೆ ಮಡಿಸಿ ಊರಿಗೆ ಹೊರಟುಹೋದ ಬೆಳಗನ್ನು ಅವಳು ಕಂಡಿರುತ್ತಾಳೆ. ಶುಶ್ರೂಷಾ ವಿದ್ಯಾರ್ಥಿವೇತನವು ಮೊದಲ ವರ್ಷಕ್ಕಿಂತ ಎರಡನೆಯ ವರ್ಷದಿಂದ ಕೊನೆಯವರೆಗೆ ಸಾಗಬೇಕು, ಶುಲ್ಕಕ್ಕಿಂತ ಊಟ ವಸತಿಗಳಿಗೆ ಸಲ್ಲಬೇಕು ಎಂಬುದನ್ನು ನೈಟಿಂಗೇಲಳ ಹತ್ತು ಪೌಂಡುಗಳಿಂದ ಇಂದಿಗೂ ಕಲಿಯಬಹುದಾಗಿದೆ.

ದತ್ತಿಯಿಡುವ ಮನಸ್ಸಿದ್ದರೂ ಬರೆದಿಡದೆ ಹೋದರೆ ಏನಾಗುತ್ತದೆ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಇಲ್ಲಿ ಕಾನೂನನ್ನು ತುಸು ವಿವರಿಸುವುದು ಅನಿವಾರ್ಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ 14ನೆಯ ಕಲಮಿನಂತೆ ಹೆಣ್ಣು ತನ್ನ ಆಸ್ತಿಗೆ ಪೂರ್ಣ ಒಡತಿ. 30ನೆಯ ಕಲಮಿನಂತೆ ಅದನ್ನು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಬರೆಯಬಹುದು. ಬರೆಯದೆ ತೀರಿಕೊಂಡರೆ 15ನೆಯ ಕಲಮಿನ ಕ್ರಮ ಅನ್ವಯಿಸುತ್ತದೆ: ಮೊದಲು ಮಕ್ಕಳು ಮತ್ತು ಗಂಡ, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಅವರೂ ಇಲ್ಲದಿದ್ದರೆ ಆಗ ತಾಯಿತಂದೆ. ತಂದೆತಾಯಿಗಳಿಂದ ಬಂದ ಆಸ್ತಿಗೆ ಮಾತ್ರ ಬೇರೆ ನಿಯಮವುಂಟು. ಸ್ವಂತ ದುಡಿಮೆಗೆ ಆ ರಕ್ಷಣೆಯಿಲ್ಲ.

ಇದರ ಕಠೋರತೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಓಂಪ್ರಕಾಶ್ ಮತ್ತು ರಾಧಾಚರಣ್ ನಡುವಣ ಪ್ರಕರಣದಲ್ಲಿ ಕಾಣುತ್ತದೆ. ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ ಅತ್ತೆಮನೆಯಿಂದ ಹೊರದೂಡಲ್ಪಟ್ಟ ಹೆಣ್ಣೊಬ್ಬಳನ್ನು ತವರಿನವರು ಓದಿಸಿದರು. ಆಕೆ ಉದ್ಯೋಗ ಹಿಡಿದು ಜೀವಮಾನವಿಡೀ ದುಡಿದಳು. ಉಯಿಲು ಬರೆಯದೆ ತೀರಿಕೊಂಡಳು. ಬ್ಯಾಂಕಿನ ಠೇವಣಿ, ಭವಿಷ್ಯನಿಧಿ ಎಲ್ಲವೂ ಸಂದುದು ತವರಿಗಲ್ಲ, ಗಂಡನ ಕಡೆಯವರಿಗೆ. ಅನುಕಂಪವು ಕಾನೂನನ್ನು ಬದಲಿಸಲಾರದೆಂಬುದು ನ್ಯಾಯಾಲಯದ ನಿಲುವು. ಎರಡು ಸಾಕ್ಷಿಗಳ ಸಹಿಯಿರುವ ಒಂದು ಹಾಳೆ ಕಾಗದವಿದ್ದಿದ್ದರೆ ಆ ವ್ಯಾಜ್ಯವೇ ಹುಟ್ಟುತ್ತಿರಲಿಲ್ಲ.

ಕುಂದಾಪುರದ ಸೀ‌ಮೆಯಲ್ಲಿ ಇನ್ನೊಂದು ವಿಶೇಷವಿದೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಅಳಿಯಸಂತಾನದ ಕುಟುಂಬಗಳಿಗೆ ಅದೇ ಕಾಯಿದೆಯ 17ನೆಯ ಕಲಮು ಬೇರೆ ಕ್ರಮವನ್ನು ಹೇಳಿದೆ. ಅಲ್ಲಿ ಹೆಣ್ಣಿನ ಆಸ್ತಿ ಮೊದಲು ಮಕ್ಕಳಿಗೂ ತಾಯಿಗೂ, ಅನಂತರ ತಂದೆಗೂ ಗಂಡನಿಗೂ, ಆಮೇಲೆ ತಾಯಿಯ ವಾರಸುದಾರರಿಗೆ ಹೋಗುತ್ತದೆ. ಗಂಡನ ವಾರಸುದಾರರು ಕಟ್ಟಕಡೆಯವರು. ಒಂದೇ ಊರಿನ, ಒಂದೇ ಆಸ್ಪತ್ರೆಯಲ್ಲಿ ದುಡಿದ ಇಬ್ಬರು ದಾದಿಯರ ಗಳಿಕೆ ಹೀಗೆ ಎರಡು ದಾರಿ ಹಿಡಿಯಬಹುದು. ಎರಡು ದಾರಿಗಳಲ್ಲಿ ಯಾವುದೂ ವಿದ್ಯಾರ್ಥಿನಿಯ ಬಾಗಿಲಿಗೆ ಹೋಗುವುದಿಲ್ಲ.

ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ವಿಚಿತ್ರವಾದ ಕಲಮೊಂದಿತ್ತು. ಹತ್ತಿರದ ಬಂಧುಗಳಿರುವವರು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ ಸಾಯುವುದಕ್ಕೆ ಹನ್ನೆರಡು ತಿಂಗಳು ಮೊದಲೇ ಉಯಿಲು ಬರೆದಿರಬೇಕೆಂದು ಅದು ವಿಧಿಸುತ್ತಿತ್ತು. ಸಾವಿನ ದಿನವನ್ನು ಮುಂಚಿತವಾಗಿ ಬಲ್ಲವರು ಯಾರು? ಕೇರಳದ ಪಾದ್ರಿಯೊಬ್ಬರು ಮೊರೆಹೋದಾಗ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಅದನ್ನು ತೊಡೆದುಹಾಕಿತು. ಮುಸಲ್ಮಾನರು ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗವನ್ನು ಮಾತ್ರ ಉಯಿಲಿನಲ್ಲಿ ಕೊಡಬಹುದು.

ಉಯಿಲು ಬರೆಯುವುದು ಜನರು ಭಾವಿಸುವಷ್ಟು ಕಷ್ಟದ ಕಾರ್ಯವಲ್ಲ. ಸ್ವಸ್ಥಚಿತ್ತದಲ್ಲಿ ಬರೆದು, ಸಹಿ ಮಾಡಿ, ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು. ಛಾಪಾಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಮಾಡಿಸುವುದು ಕ್ಷೇಮ. ದತ್ತಿಯನ್ನು ಪಡೆಯುವ ಸಂಸ್ಥೆಯವರು ಸಾಕ್ಷಿ ಹಾಕದಿರುವುದು ವಿವೇಕ. ಸಂಸ್ಥೆಯ ನೋಂದಾಯಿತ ಹೆಸರನ್ನು ಒಂದಕ್ಷರವೂ ತಪ್ಪದಂತೆ ಬರೆಯಬೇಕು. 'ನಮ್ಮ ಮಠದ ಶಾಲೆಗೆ' ಎಂದು ಬರೆದು ತೀರಿಕೊಂಡರೆ ಯಾವ ಮಠ, ಯಾವ ಶಾಲೆ ಎಂಬ ವಾದಕ್ಕೆ ವಕೀಲರು ವರ್ಷಗಳನ್ನು ತೆಗೆದುಕೊಂಡಾರು. ಬ್ಯಾಂಕಿನಲ್ಲಿ ತಮ್ಮನ ಮಗಳನ್ನು ನಾಮಿನಿ ಮಾಡಿದೆ, ಅವಳು ಎಲ್ಲವನ್ನೂ ನೋಡಿಕೊಳ್ಳುತ್ತಾಳೆ ಎಂದು ನಂಬುವವರೂ ಇದ್ದಾರೆ. ನಾಮಿನಿಯು ಬ್ಯಾಂಕಿನಿಂದ ಹಣ ಪಡೆಯಲು ಅರ್ಹಳೇ ಹೊರತು ಅಷ್ಟರಿಂದಲೇ ಅದರ ಒಡತಿಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸ್ಪಷ್ಟಪಡಿಸಿದೆ. ವಿಮೆಗೂ ಭವಿಷ್ಯನಿಧಿಗೂ ಬೇರೆ ಬೇರೆ ನಿಯಮಗಳಿರುವುದರಿಂದ ಅವನ್ನು ತಿಳಿದವರಲ್ಲಿ ಕೇಳಿಕೊಳ್ಳಬೇಕು.

ಪರದೇಶದಲ್ಲಿ ನೆಲೆಸಿದವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶೀ ದೇಣಿಗೆಯೆನಿಸುವುದಿಲ್ಲ. ಬ್ರಿಟನ್ನಿನ ಅಥವಾ ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ಎನಿಸುತ್ತದೆ. ಆಗ ಪಡೆಯುವ ಸಂಸ್ಥೆಗೆ 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯಂತೆ ನೋಂದಣಿಯೋ ಪೂರ್ವಾನುಮತಿಯೋ ಇರಬೇಕು. 2020ರ ತಿದ್ದುಪಡಿಯ ಅನಂತರ ಅಂತಹ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಶಾಲೆಗಳಿಗೆ ಇದು ಹೊರಲಾರದ ಹೊರೆ. ಕೊಡುವ ಮನಸ್ಸುಳ್ಳವರು ಪೌರತ್ವ ಬದಲಿಸುವ ಮುನ್ನವೇ ಕೊಟ್ಟುಬಿಟ್ಟರೆ ಸುಲಭವೆಂದು ಹೇಳುವುದು ವ್ಯಾವಹಾರಿಕವಾಯಿತು, ಆದರೂ ಹೇಳಬೇಕಾದುದೇ.

ಹಣದ ಲೆಕ್ಕಕ್ಕೆ ಬಂದರೆ, ಹತ್ತು ಲಕ್ಷ ರೂಪಾಯಿಯ ದತ್ತಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಶೇಕಡಾ 7ರ ಬಡ್ಡಿಯೆಂದು ಎಣಿಸಿದರೆ ವರ್ಷಕ್ಕೆ 70,000 ರೂಪಾಯಿ ಬರುತ್ತದೆ. ಅಷ್ಟನ್ನೂ ವರ್ಷವರ್ಷ ಹಂಚಿಬಿಟ್ಟರೆ ಮೂಲಧನ ಅಂಕಿಯಲ್ಲಿ ಹಾಗೆಯೇ ಉಳಿದೀತು, ಬೆಲೆಯಲ್ಲಿ ಉಳಿಯದು. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಆ ಎಪ್ಪತ್ತು ಸಾವಿರದ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಐವತ್ತು ವರ್ಷದ ಹಿಂದೆ ಒಂದು ಸಾವಿರ ರೂಪಾಯಿಯಿಟ್ಟು ಬಂಗಾರದ ಪದಕವನ್ನು ಶಾಶ್ವತವಾಗಿ ಕೊಡಬೇಕೆಂದು ಬರೆದ ದಾನಿಗಳ ಬಡ್ಡಿಯಲ್ಲಿ ಇಂದು ಪದಕದ ರಿಬ್ಬನ್ನೂ ಬಾರದೆಂಬುದನ್ನು ಶಾಲೆಗಳ ಲೆಕ್ಕಿಗರು ಬಲ್ಲರು. ಮೂಲಧನದ ನಿಜವಾದ ಬೆಲೆ ಕರಗದಿರಬೇಕಾದರೆ ಎಪ್ಪತ್ತರಲ್ಲಿ ಐವತ್ತು ಸಾವಿರವನ್ನು ಮರಳಿ ಮೂಲಕ್ಕೆ ಸೇರಿಸಿ ಇಪ್ಪತ್ತು ಸಾವಿರವನ್ನು ಮಾತ್ರ ಹಂಚಬೇಕು. ಅದು ಒಬ್ಬಳ ವಸತಿನಿಲಯದ ಊಟಕ್ಕೂ ಸಾಲದು.

ಇನ್ನೊಂದು ಮಾರ್ಗವಿದೆ. ಶಾಶ್ವತವೆಂಬ ಹಂಬಲವನ್ನು ಬಿಟ್ಟು, ಇಪ್ಪತ್ತು ವರ್ಷಗಳಲ್ಲಿ ಮೂಲವನ್ನೂ ಬಡ್ಡಿಯನ್ನೂ ಪೂರ್ತಿ ವೆಚ್ಚಮಾಡಿ ಮುಗಿಸಬೇಕೆಂದು ಬರೆದರೆ, ಅದೇ ಎಣಿಕೆಯಲ್ಲಿ ಇಂದಿನ ಬೆಲೆಯ ಸುಮಾರು 60,000 ರೂಪಾಯಿಗಳನ್ನು ಪ್ರತಿವರ್ಷವೂ, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ, ಕೊಡಬಹುದು. ಒಬ್ಬಳನ್ನು ನಾಲ್ಕು ವರ್ಷ ಕೈಬಿಡದೆ ನಡೆಸಿದರೂ ಐದು ಮಂದಿ ದಾದಿಯರು ಸಿದ್ಧರಾಗುತ್ತಾರೆ. ಆಚಂದ್ರಾರ್ಕವೆಂದು ಬರೆಯುವ ಹಳೆಯ ಅಭ್ಯಾಸಕ್ಕೆ ಇದು ಒಗ್ಗದು. ಹೆಸರು ಇಪ್ಪತ್ತು ವರ್ಷಕ್ಕೆ ಮುಗಿಯಿತಲ್ಲಾ ಎಂಬ ಅಳುಕು ದಾನಿಗೂ ಇದ್ದೀತು. ಆದರೆ ಸಣ್ಣ ದತ್ತಿಗಳಿಗೆ ಇದೇ ಮೇಲು. ಸಮಾನ ಉದ್ದೇಶದ ನಾಲ್ಕಾರು ದತ್ತಿಗಳನ್ನು ಒಂದೇ ನಿಧಿಯಲ್ಲಿ ಸೇರಿಸಿ, ಹೆಸರುಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವುದೂ ಸಾಧ್ಯ.

ಕರಾರುಗಳನ್ನು ಬರೆಯುವಾಗ ಕೈ ಹಿಡಿತದಲ್ಲಿರಬೇಕು. ತನ್ನ ಊರಿನ, ತನ್ನ ಕುಲದ, ಪ್ರಥಮ ದರ್ಜೆಯ, ತಂದೆಯಿಲ್ಲದ ಹುಡುಗಿಗೇ ಎಂದು ಬರೆದರೆ ಕೆಲವು ವರ್ಷ ಅರ್ಹಳೇ ದೊರೆಯಳು. ಹಣ ಬ್ಯಾಂಕಿನಲ್ಲಿ ಮಲಗುತ್ತದೆ. ಅಂತಹ ಕರಾರನ್ನು ಸಡಿಲಿಸಲು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. 'ದೊರೆಯದ ವರ್ಷ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಯಾವುದೇ ಅರ್ಹ ವಿದ್ಯಾರ್ಥಿಗೆ' ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಸಾಕು. ವಿದ್ಯಾರ್ಥಿ ಎಂದು ಬರೆಯುವುದೇ ಲೇಸು. ಈ ವೃತ್ತಿಗೆ ಈಗ ಗಂಡುಮಕ್ಕಳೂ ಬರುತ್ತಿದ್ದಾರೆ. ಕಲಿತ ಮೇಲೆ ಊರಿನಲ್ಲಿಯೇ ದುಡಿಯಬೇಕೆಂಬ ಕರಾರನ್ನು ಹಾಕಬೇಕೇ ಎಂಬುದು ಚರ್ಚಾಸ್ಪದ. ನೈಟಿಂಗೇಲಳ ನಿಧಿ ಹಾಕಿತ್ತು. ಆದರೆ ದತ್ತಿಯನ್ನಿಟ್ಟ ದಾದಿಯೇ ಕೊಲ್ಲಿಗೆ ಹೋಗಿ ದುಡಿದು ಗಳಿಸಿದವಳಾಗಿದ್ದರೆ ಅಂಥ ಕರಾರು ಅವಳ ಬಾಯಲ್ಲಿ ಒಪ್ಪುವುದಿಲ್ಲ.

ಕೊನೆಯದಾಗಿ ಹಣ ಕೊಡುವ ದಿನದ ಪ್ರಶ್ನೆ. ಶಾಲಾ ಕಾಲೇಜುಗಳ ವಾರ್ಷಿಕೋತ್ಸವ ನಡೆಯುವುದು ಡಿಸೆಂಬರ್, ಜನವರಿಗಳಲ್ಲಿ. ವಿದ್ಯಾರ್ಥಿವೇತನದ ಚೆಕ್ಕನ್ನು ಅತಿಥಿಗಳಿಂದ ವೇದಿಕೆಯ ಮೇಲೆ ಕೊಡಿಸುವುದು ರೂಢಿ. ಕಡಲತೀರದ ಮನೆಗಳ ಕಷ್ಟದ ಕಾಲ ಅದಲ್ಲ. ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷಿದ್ಧ. ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ. ಕೂಲಿಯ ಮನೆಗಳಲ್ಲಿಯೂ ಮಳೆಗೆ ಕೆಲಸ ನಿಂತಿರುತ್ತದೆ. ಆಸಾಡಿ ಅಮಾಸಿಯ ಆ ದಿನಗಳಲ್ಲಿಯೇ ಕಾಲೇಜಿನ ಪ್ರವೇಶದ, ಮುಂದಿನ ವರ್ಷದ ವಸತಿನಿಲಯದ ಹಣದ ಚಿಂತೆ ಮನೆಗಳನ್ನು ಮುತ್ತುತ್ತದೆ. ಉಯಿಲಿನಲ್ಲಿ 'ಜುಲೈ ತಿಂಗಳ ಒಳಗೆ ನೇರವಾಗಿ ವಿದ್ಯಾರ್ಥಿಯ ಖಾತೆಗೆ' ಎಂದು ಬರೆದಿದ್ದರೆ ಸಂಸ್ಥೆಯವರು ಹಾಗೆಯೇ ನಡೆಸಬೇಕಾಗುತ್ತದೆ. ವೇದಿಕೆಯ ಮೇಲೆ ಆ ದತ್ತಿಯ ಹೆಸರನ್ನು ಜನವರಿಯಲ್ಲಿ ಓದಿದರೂ ತಡವಿಲ್ಲ.